ಶಾಲಿಗೆ ಎರಡು ಹನಿ

ಸೋಮವಾರ ಬೆಳಿಗ್ಗೆ ಹೊಳೆದಂಡೆಯ ಆಶ್ರಮದಲ್ಲಿ ಗುರುಗಳಾದ ನಿರ್ವಾಣಯ್ಯನವರ ಮೈಯಿಂದ ಯಾವ ವಾಸನೆಯೂ ಬರಲಿಲ್ಲ.

ಸುದ್ದಿ ಮೊದಲು ಹುಟ್ಟಿದ್ದು ಮುಂದಿನ ಸಾಲಿನಲ್ಲಿ. ಅಲ್ಲಿಂದ ಹಿಂದಿನ ಸಾಲಿಗೆ ಹೋಯಿತು, ಹಿಂದಿನ ಸಾಲಿನಿಂದ ಚಪ್ಪಲಿ ಬಿಡುವ ಜಾಗಕ್ಕೆ, ಅಲ್ಲಿಂದ ಸೈಕಲ್ ಹತ್ತಿ ಪಕ್ಕದ ಊರಿಗೆ. ಊಟಕ್ಕೆ ಎಲೆ ಹಾಕುವಷ್ಟರಲ್ಲಿ ಆಚೆ ದಡದವರೂ ಹೊಳೆ ದಾಟಿ ಬಂದಿದ್ದರು. ಯಾರೂ ಸತ್ತಿರಲಿಲ್ಲ. ಆದರೂ ಎಲ್ಲರೂ ಮೆಲುದನಿಯಲ್ಲಿ ಮಾತಾಡುತ್ತಿದ್ದರು.

ಭಕ್ತಮಂಡಳಿಯ ಅಧ್ಯಕ್ಷರಾದ ಚೌಡೇಗೌಡರು ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು ಎದ್ದು ನಿಂತರು.

"ಬುದ್ಧಿಯವರ ದಿವ್ಯ ಪರಿಮಳ ನಿಂತಿದೆ," ಎಂದರು. "ಹೋಗಿದೆ ಅಂತ ನಾನು ಹೇಳ್ತಾ ಇಲ್ಲ. ನಿಂತಿದೆ."

"ನಿಂತಿದ್ದಕ್ಕೂ ಹೋಗಿದ್ದಕ್ಕೂ ಏನು ವ್ಯತ್ಯಾಸ ಗೌಡ್ರೇ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಮಳೆ ನಿಲ್ಲಲ್ವೇನಯ್ಯಾ? ಮತ್ತೆ ಬರಲ್ವಾ?"

ಜನಕ್ಕೆ ಸ್ವಲ್ಪ ಸಮಾಧಾನವಾಯಿತು. ಪೂರ್ತಿ ಆಗಲಿಲ್ಲ. ಹೋದ ವರ್ಷ ನಿಂತ ಮಳೆ ಇನ್ನೂ ಬಂದಿರಲಿಲ್ಲ.

ನಿರ್ವಾಣಯ್ಯನವರು ಮಾತ್ರ ಎಂದಿನಂತೆ ಮುದ್ದೆ ಮುರಿದು ಸೊಪ್ಪಿನ ಸಾರಿನಲ್ಲಿ ಅದ್ದಿ ನುಂಗುತ್ತಿದ್ದರು. ಒಂದು ಸಲ ತಲೆಯೆತ್ತಿ ನೋಡಿದರು.

"ಚಿಕ್ಕಲಿಂಗ, ಇವತ್ತೇನು ಇಷ್ಟು ಜನ? ಸಾರು ಸಾಲುತ್ತೇನೋ?"

"ನೀರು ಬೆರೆಸ್ತೀನಿ ಗುರುಗಳೇ," ಎಂದ ಅಡುಗೆ ನೋಡಿಕೊಳ್ಳುವ ಶಿಷ್ಯ ಚಿಕ್ಕಲಿಂಗ.

ಹೇಳಿ, ಯಾರ ಮುಖವನ್ನೂ ನೋಡದೆ ಅಡುಗೆಮನೆಗೆ ನುಸುಳಿದ. ಯಾಕೆಂದರೆ ಪರಿಮಳ ಯಾಕೆ ನಿಂತಿದೆ ಎಂಬುದು ಆ ಹೊಳೆಯ ಎರಡೂ ದಡಗಳಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ನಿಲ್ಲಿಸಿದವನು ಅವನೇ.

ಮೊದಲು ಶುರುಮಾಡಿದವನೂ ಅವನೇ.

ಆಶ್ರಮದ ಹಿಂದೆ, ಇಳಿಜಾರಿನಲ್ಲಿ, ಜೆರೇನಿಯಂ ಗಿಡಗಳ ತೋಟವಿದೆ. ನೋಡಲು ಬಂದವರು ಬಗ್ಗಿ ಹೂ ಮೂಸುತ್ತಾರೆ, ಏನೂ ಇಲ್ಲವೆಂದು ಮುಖ ಸಿಂಡರಿಸುತ್ತಾರೆ. ವಾಸನೆ ಇರುವುದು ಎಲೆಯಲ್ಲಿ. ಎಲೆಯನ್ನು ಬೆರಳಲ್ಲಿ ಹಿಸುಕಿದರೆ ತಿಳಿಯುತ್ತದೆ. ಹೂವಿನ ಮುಂದೆ ಬಗ್ಗಿದವರು ಎಲೆ ಹಿಸುಕಲು ನಿಲ್ಲುವುದು ಕಡಿಮೆ.

ಸೊಪ್ಪು ಕೊಯ್ದು, ನೆರಳಲ್ಲಿ ಬಾಡಿಸಿ, ದೊಡ್ಡ ಹಂಡೆಗೆ ತುಂಬಿ, ಕೆಳಗಿನಿಂದ ಆವಿ ಹಾಯಿಸಿ ಎಣ್ಣೆ ಇಳಿಸುವ ಕೆಲಸ ಚಿಕ್ಕಲಿಂಗನದು. ಕೊಳವೆಯ ಕೊನೆಯಲ್ಲಿ ನೀರಿನ ಮೇಲೆ ತೆಳ್ಳಗೆ ಹಸಿರುಗಂದು ಎಣ್ಣೆ ತೇಲುತ್ತದೆ. ಒಂದು ಸಲ ಅಬಕಾರಿ ಇಲಾಖೆಯವರು ಹೊಗೆ ನೋಡಿ ಬಂದಿದ್ದರು. ಪಾತ್ರೆಗೆ ಮೂಗಿಟ್ಟು, ಬಹಳ ಬೇಸರದಿಂದ ವಾಪಸು ಹೋಗಿದ್ದರು.

ಎಣ್ಣೆಯನ್ನು ಪುಟ್ಟ ಸೀಸೆಗಳಿಗೆ ತುಂಬಿ ಆಶ್ರಮದ ಬಾಗಿಲಲ್ಲಿ ಮಾರುತ್ತಾರೆ. ಕೊಬ್ಬರಿ ಎಣ್ಣೆಗೆ ಒಂದೆರಡು ಹನಿ ಬೆರೆಸಿ ಕೈಕಾಲಿಗೆ ಹಚ್ಚಿಕೊಂಡರೆ ಸೊಳ್ಳೆ ದೂರ ಇರುತ್ತವೆ. ನೆಲ ಒರೆಸುವ ನೀರಿಗೆ ಹಾಕಿದರೆ ಮನೆಯಲ್ಲಿ ಮುಗ್ಗಲು ವಾಸನೆ ಇರುವುದಿಲ್ಲ. ಬಟ್ಟೆಯ ಪೆಟ್ಟಿಗೆಯಲ್ಲಿ ಹತ್ತಿಗೆ ತೊಟ್ಟಿಕ್ಕಿ ಇಡುತ್ತಾರೆ. ನೊಣದ ಕಾಟಕ್ಕೆ ಹೊಂಗೆ ಎಣ್ಣೆಯಲ್ಲಿ ಕಲಸಿ ದನಗಳಿಗೂ ಸವರುತ್ತಾರೆ. ಸೀಸೆಗೆ ಅದಕ್ಕಿಂತ ದೊಡ್ಡ ಆಸೆ ಏನೂ ಇರಲಿಲ್ಲ.

ನಿರ್ವಾಣಯ್ಯನವರಿಗೆ ಗೊಬ್ಬರದ ಗುಂಡಿಯ ಮೇಲೆ ಪ್ರೀತಿ. ಬೆಳಿಗ್ಗೆ ಎದ್ದವರೇ ಸಗಣಿ, ಬೇವಿನ ಹಿಂಡಿ, ಕೊಳೆತ ಸೊಪ್ಪು ಎಲ್ಲವನ್ನೂ ಕೈಯಾರೆ ಮಗುಚಿ, ಕೈಕಾಲು ತೊಳೆದು, ಅದೇ ಶಾಲು ಹೊದ್ದು ಬಂದು ಕೂರುತ್ತಿದ್ದರು. ಜನ ಭಕ್ತಿಯಿಂದ ಬರುತ್ತಿದ್ದರು. ಬಂದು, ಸ್ವಲ್ಪ ದೂರದಲ್ಲಿ ಕೂರುತ್ತಿದ್ದರು.

ಒಂದು ದಿನ ಪಟ್ಟಣದಿಂದ ಬಂದ ದಂಪತಿ ಗುರುಗಳ ಕಾಲಿಗೆ ಬಗ್ಗಿದರು. ಹೆಂಗಸು ಸೆರಗನ್ನು ಮೂಗಿಗೆ ತಂದುಕೊಂಡಳು. ಚಿಕ್ಕಲಿಂಗ ನೋಡಿದ.

ಮಾರನೆಯ ದಿನ ಶಾಲು ಒಗೆದು, ಕೊನೆಯ ನೀರಿಗೆ ಎರಡು ಹನಿ ಎಣ್ಣೆ ಹಾಕಿದ. ಯಾರನ್ನೂ ಕೇಳಲಿಲ್ಲ. ಪ್ರೀತಿಯಿಂದ ಮಾಡುವ ಕೆಲಸಕ್ಕೆ ಯಾರನ್ನು ಕೇಳುವುದು ಎಂದುಕೊಂಡ. ಆಮೇಲೆ ಪ್ರತಿ ಮುಂಜಾನೆ, ಒಗೆಯದ ದಿನವೂ, ಅಂಚಿಗೆ ಎರಡು ಹನಿ.

ಜನ ಹತ್ತಿರ ಕೂರತೊಡಗಿದರು.

ಚೌಡೇಗೌಡರು ಒಂದು ಬೆಳಿಗ್ಗೆ ಕಣ್ಣು ಮುಚ್ಚಿ ಉಸಿರೆಳೆದು, "ಇದೇನಪ್ಪಾ ಚಿಕ್ಕಲಿಂಗ, ಬುದ್ಧಿಯವರ ಮೈಯಿಂದ ಏನೋ ಪರಿಮಳ ಬರ್ತಾ ಇದೆ?" ಎಂದು ಕೇಳಿದರು.

ಆಗ ಅವನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವನ ಬಾಯಲ್ಲಿ ಆಗ ಎಲೆಯಡಿಕೆ ಇತ್ತು. ಉಗಿದು ಬಂದು ಹೇಳೋಣವೆಂದು ಹೊರಗೆ ಹೋದ. ವಾಪಸು ಬರುವಷ್ಟರಲ್ಲಿ ಗೌಡರು ಇಬ್ಬರಿಗೆ ಹೇಳಿಯಾಗಿತ್ತು.

ಮುಂದಿನ ಹುಣ್ಣಿಮೆಗೆ ಅದು ದಿವ್ಯ ಪರಿಮಳವಾಯಿತು. ಅದರಿಂದ ತಲೆನೋವು ಹೋಗುತ್ತದೆ ಎಂದರು. ನಿದ್ದೆ ಬರುತ್ತದೆ ಎಂದರು. ಗಂಡ ಹೆಂಡಿರ ಜಗಳ ನಿಲ್ಲುತ್ತದೆ ಎಂದೂ ಒಬ್ಬರು ಹೇಳಿದರು. ಪಕ್ಕದಲ್ಲೇ ಇದ್ದ ಅವರ ಹೆಂಡತಿ ಆಚೆ ತಿರುಗಿ ಕೂತರು.

ಚಿಕ್ಕಲಿಂಗನಿಗೆ ಮೊದಮೊದಲು ಒಂದು ಧೈರ್ಯವಿತ್ತು. ಬಾಗಿಲಲ್ಲಿ ಅದೇ ಎಣ್ಣೆ ಮಾರುತ್ತಿದೆ. ಇವತ್ತಲ್ಲ ನಾಳೆ ಯಾರಾದರೂ ಕಂಡುಹಿಡಿಯುತ್ತಾರೆ, ನಕ್ಕು ಮುಗಿಯುತ್ತದೆ.

ಒಬ್ಬಾಕೆ ಕಂಡುಹಿಡಿದೂಬಿಟ್ಟಳು. ಸೀಸೆಯ ಮುಚ್ಚಳ ತೆಗೆದು ಮೂಸಿ, "ಇದು ಬುದ್ಧಿಯವರ ಪರಿಮಳದ ಹಾಗೇ ಇದೆಯಲ್ಲಾ?" ಎಂದಳು.

ಚೌಡೇಗೌಡರು ಸೀಸೆ ಇಸಿದುಕೊಂಡರು. ಬಹಳ ಹೊತ್ತು ಮೂಸಿದರು.

"ಇಲ್ಲವ್ವ," ಎಂದರು. "ಸ್ವಲ್ಪ ಹತ್ತಿರ ಬರುತ್ತೆ, ಅಷ್ಟೇ. ಅದು ಬೇರೆ, ಇದು ಸೊಳ್ಳೆ ಎಣ್ಣೆ."

ಎಲ್ಲರೂ ಒಬ್ಬೊಬ್ಬರಾಗಿ ಮೂಸಿ ನೋಡಿ, ಹೌದು, ಬೇರೆ ಎಂದರು. ಚಿಕ್ಕಲಿಂಗನ ಧೈರ್ಯ ಅಂದಿಗೆ ಮುಗಿಯಿತು.

ಹೀಗೆ ಎರಡು ಮಳೆಗಾಲ ಕಳೆದವು. ಹೀಗೇ ಕಳೆಯುತ್ತಿತ್ತೇನೋ. ಆದರೆ ಜವರಮ್ಮ ಬಂದಳು.

ಜವರಮ್ಮ ಪೇಟೆ ಬೀದಿಯಲ್ಲಿ ಹೂ ಕಟ್ಟಿ ಮಾರುವವಳು. ಗಂಡ ಇಲ್ಲ. ಸಕ್ಕರೆ ಕಾಯಿಲೆ ಇದೆ. ಬಲಗಾಲಿನ ಹಿಮ್ಮಡಿಯಲ್ಲಿ ಒಂದು ಹುಣ್ಣು ಎದ್ದು ಮಾಯುತ್ತಿರಲಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ದಿನ ಬಿಟ್ಟು ದಿನ ಬಂದು ಗಾಯ ತೊಳೆಸಿ ಕಟ್ಟಿಸಿಕೊಳ್ಳಬೇಕು ಎಂದಿದ್ದರು. ಕೆಲವು ವಾರ ಹೋಗಿದ್ದಳು.

ಆ ಶನಿವಾರ ಅವಳು ಜಗಲಿಯ ತುದಿಯಲ್ಲಿ, ಎಲ್ಲರಿಂದ ದೂರ, ಕಾಲನ್ನು ಸೀರೆಯೊಳಗೆ ಮುಚ್ಚಿಕೊಂಡು ಕೂತಿದ್ದಳು. ಮಜ್ಜಿಗೆ ಕೊಡಲು ಹೋದ ಚಿಕ್ಕಲಿಂಗನಿಗೆ ಸೀರೆಯ ಅಂಚಿನಿಂದ ಬಟ್ಟೆಯ ತುದಿಯೊಂದು ಕಂಡಿತು. ಆಸ್ಪತ್ರೆಯ ಬಿಳಿ ಬಟ್ಟೆ ಅಲ್ಲ. ಕಾವಿ.

"ಇದೇನು ಜವರವ್ವ, ಕಾಲಿಗೆ ಕಟ್ಟಿರೋದು?"

"ಬುದ್ಧಿಯೋರ ಹಳೇ ಶಾಲಿನ ಚೂರು ಕಣಪ್ಪ. ಗೌಡ್ರು ಹರಿದು ಎಲ್ರಿಗೂ ಪ್ರಸಾದ ಅಂತ ಕೊಟ್ರಲ್ಲ."

"ಆಸ್ಪತ್ರೆ ಕಟ್ಟು?"

"ಬಿಚ್ಚಿ ಹಾಕ್ದೆ."

"ಆಸ್ಪತ್ರೆಗೆ ಹೋಗ್ತಿಲ್ವಾ?"

"ಇನ್ನೆಲ್ಲಿ ಆಸ್ಪತ್ರೆ? ಇದರಲ್ಲಿ ಪರಿಮಳ ಇನ್ನೂ ಹಾಗೇ ಐತೆ ನೋಡು."

ಪರಿಮಳ ಇತ್ತು. ಅದರ ಅಡಿಯಲ್ಲಿ ಇನ್ನೊಂದು ವಾಸನೆಯೂ ಇತ್ತು. ಚಿಕ್ಕಲಿಂಗ ಮಜ್ಜಿಗೆಯನ್ನು ಅವಳ ಪಕ್ಕ ಇಟ್ಟು ಎದ್ದ.

ಅಂದು ಅವನು ಊಟ ಮಾಡಲಿಲ್ಲ. ಈ ಕಾಲು ಹೋದರೆ ಅದಕ್ಕೆ ಕಾರಣ ನನ್ನ ಎರಡು ಹನಿ ಎಂದು ಅವನಿಗೆ ಗೊತ್ತಿತ್ತು. ಬಾಯಿಬಿಟ್ಟರೆ ಆಶ್ರಮದಿಂದ ಕಳಿಸುತ್ತಾರೆ, ಅದೂ ಗೊತ್ತಿತ್ತು. ಎರಡನ್ನೂ ತಪ್ಪಿಸುವ ಉಪಾಯವೊಂದು ಅವನಿಗೆ ಹೊಳೆಯಿತು. ಪರಿಮಳವನ್ನೇ ನಿಲ್ಲಿಸಿಬಿಟ್ಟರೆ ಜನರ ನಂಬಿಕೆ ತಾನಾಗಿ ಕರಗುತ್ತದೆ, ಜವರಮ್ಮ ತಾನಾಗಿ ಆಸ್ಪತ್ರೆಗೆ ಹೋಗುತ್ತಾಳೆ. ಯಾರೂ ಯಾರಿಗೂ ಏನೂ ಹೇಳಬೇಕಾಗಿಲ್ಲ.

ಭಾನುವಾರ ಶಾಲನ್ನು ಮೂರು ನೀರಲ್ಲಿ ಒಗೆದ. ಬಿಸಿಲಿಗೆ ಹಾಕಿದ. ಸೋಮವಾರ ಬೆಳಿಗ್ಗೆ ಅದನ್ನು ಹೊದ್ದು ನಿರ್ವಾಣಯ್ಯನವರು ಬಂದು ಕೂತರು.

ನಂಬಿಕೆ ಕರಗಲಿಲ್ಲ. ಅದು ಬೇರೆ ದಾರಿ ಹುಡುಕಿಕೊಂಡಿತು.

ಮಂಡಳಿಯವರು ಊಟವಾದ ಮೇಲೆ ಅರಳಿಮರದ ಕೆಳಗೆ ಸೇರಿ ಕಾರಣ ಚರ್ಚಿಸಿದರು. ಗ್ರಹಣ ಹತ್ತಿರ ಬಂದಿದೆ ಎಂದು ಒಬ್ಬರು. ಆಚೆ ದಡದವರು ಈರುಳ್ಳಿ ತಿಂದು ಬರುತ್ತಾರೆ ಎಂದು ಈಚೆ ದಡದವರು. ಮಾತು ಬೆಳೆಯುವ ಹಾಗಿತ್ತು. ಅಷ್ಟರಲ್ಲಿ ಜಗಲಿಯ ತುದಿಯಿಂದ ಜವರಮ್ಮ ಎದ್ದಳು. ಕುಂಟುತ್ತಾ ಬಾಗಿಲು ದಾಟಿ, ಹೊರಗೆ, ಬಿಸಿಲಲ್ಲಿ ಹೋಗಿ ಕೂತಳು.

"ಯಾಕವ್ವ ಅಲ್ಲಿ?" ಎಂದು ಚೌಡೇಗೌಡರು ಕೇಳಿದರು.

"ನನ್ನಿಂದ ಆಗಿದ್ದು ಗೌಡ್ರೇ. ಈ ಕಾಲು ಇಟ್ಕೊಂಡು ಒಳಕ್ಕೆ ಬಂದೆ. ಇದರ ನಾತಕ್ಕೆ ಬುದ್ಧಿಯೋರ ಪರಿಮಳ ಎದ್ದು ಹೋಯ್ತು. ಅದು ವಾಪಸ್ ಬರೋಗಂಟ ನಾನು ಇಲ್ಲೇ ಕೂತಿರ್ತೀನಿ. ಒಂದು ತುತ್ತು ಬಾಯಿಗೆ ಇಡಲ್ಲ."

ಯಾರೂ ಇಲ್ಲ ಎನ್ನಲಿಲ್ಲ. ಕಾರಣ ಸಿಕ್ಕಿದ್ದು ಮಂಡಳಿಗೂ ಒಂದು ಬಗೆಯಲ್ಲಿ ಅನುಕೂಲವಾಗಿತ್ತು.

ಚಿಕ್ಕಲಿಂಗ ಇದನ್ನು ಅಡುಗೆಮನೆಯ ಬಾಗಿಲಿಂದ ಕೇಳಿದ. ಸೌಟು ಕೆಳಗಿಟ್ಟ. ಗೂಡಿನಿಂದ ಸೀಸೆ ತೆಗೆದುಕೊಂಡು ನೇರ ಅರಳಿಮರದ ಕೆಳಗೆ ಬಂದು ನಿಂತ.

"ಅದು ದೇವರ ಪರಿಮಳ ಅಲ್ಲ ಗೌಡ್ರೇ. ಇದು. ದಿನಾ ಬೆಳಿಗ್ಗೆ ಶಾಲಿಗೆ ನಾನು ಹಾಕ್ತಿದ್ದೆ. ನಿನ್ನೆಯಿಂದ ಹಾಕಿಲ್ಲ. ಅದಕ್ಕೇ ಬರ್ತಿಲ್ಲ."

ಚಿಕ್ಕಲಿಂಗ ಬೈಗುಳಕ್ಕೆ ಕಾದ.

ಚೌಡೇಗೌಡರ ಕಣ್ಣಲ್ಲಿ ನೀರು ಬಂದಿತ್ತು.

"ನೋಡ್ರಪ್ಪ," ಎಂದರು. "ಶಿಷ್ಯ ಅಂದ್ರೆ ಇವನು. ಗುರುವಿನ ಪರಿಮಳ ಹೋಯ್ತು ಅನ್ನೋ ಅಪವಾದ ಬರಬಾರದು ಅಂತ ತಪ್ಪನ್ನ ತನ್ನ ತಲೆ ಮೇಲೆ ಹಾಕ್ಕೊಳ್ತಾ ಇದಾನೆ."

"ಇಲ್ಲ ಗೌಡ್ರೇ, ನಿಜವಾಗ್ಲೂ ನಾನೇ..."

"ಸಾಕು ಕಣಯ್ಯ. ಹೆಚ್ಚು ಹೇಳಬೇಡ, ಅಳು ಬರುತ್ತೆ."

ಒಬ್ಬ ಮುದುಕರು ಬಂದು ಚಿಕ್ಕಲಿಂಗನ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಅವನು ಹಿಂದಕ್ಕೆ ಹಾರಿದ. ಅದನ್ನೂ ವಿನಯವೆಂದು ತಿಳಿದರು.

ಅವನು ಗೊಬ್ಬರದ ಗುಂಡಿಯ ಕಡೆ ಓಡಿದ. ನಿರ್ವಾಣಯ್ಯನವರು ಶಾಲನ್ನು ಕೊಂಬೆಗೆ ಹಾಕಿ, ಸಲಿಕೆಯಿಂದ ಗೊಬ್ಬರ ಮಗುಚುತ್ತಿದ್ದರು.

"ಗುರುಗಳೇ, ನನ್ನಿಂದ ಒಂದು ತಪ್ಪಾಗಿದೆ."

"ಸಾರಿಗೆ ನೀರು ಜಾಸ್ತಿ ಆಯ್ತು. ಗೊತ್ತು."

"ಅದಲ್ಲ. ನಿಮ್ಮ ಶಾಲಿಗೆ ನಾನು ಎಣ್ಣೆ ಹಾಕ್ತಿದ್ದೆ. ಎರಡು ಮಳೆಗಾಲದಿಂದ."

"ಅದೂ ಗೊತ್ತು."

ಚಿಕ್ಕಲಿಂಗ ನಂಬಲಿಲ್ಲ. ನಿರ್ವಾಣಯ್ಯನವರು ಹುಡುಗುತನದಿಂದಲೂ ನಶ್ಯ ಏರಿಸಿದವರು. ಬಿಟ್ಟು ಬಹಳ ಕಾಲವಾಗಿತ್ತು, ಆದರೆ ಮೂಗು ತಿರುಗಿ ಬಂದಿರಲಿಲ್ಲ. ಸೀದ ಮುದ್ದೆಯೂ ಸಂಪಿಗೆ ಹೂವೂ ಅವರಿಗೆ ಒಂದೇ. ಇದು ಆಶ್ರಮದ ಒಳಗಿನವರಿಗೆಲ್ಲ ತಿಳಿದ ವಿಷಯ.

"ನಿಮಗೆ ವಾಸನೆ ತಿಳಿಯಲ್ಲ. ಹೇಗೆ ಗೊತ್ತಾಯ್ತು?"

"ಸೊಳ್ಳೆ ಕಚ್ಚೋದು ನಿಂತಿತು."

"ಸೊಳ್ಳೆಯಾ?"

"ನಾನು ಇಲ್ಲಿ ಕೂತು ತಪಸ್ಸು ಅಂತ ಏನೇನೋ ಮಾಡಿದೀನಿ. ಅದನ್ನ ನೋಡಿ ಸೊಳ್ಳೆ ಯಾವತ್ತೂ ಬಿಟ್ಟಿರಲಿಲ್ಲ. ಒಂದು ಬೆಳಿಗ್ಗೆ ಇದ್ದಕ್ಕಿದ್ದ ಹಾಗೆ ಬಿಟ್ಟವು. ನನಗೇನು ಬಂದಿದೆ ಅಂತ ಯೋಚಿಸ್ದೆ. ಏನೂ ಬಂದಿರಲಿಲ್ಲ. ಆಮೇಲೆ ಶಾಲು ಮಡಚಿಡುವಾಗ ಅಂಚಲ್ಲಿ ಎಣ್ಣೆ ಕಲೆ ನೋಡಿದೆ."

"ಮತ್ತೆ ಯಾಕೆ ಹೇಳ್ಲಿಲ್ಲ ಗುರುಗಳೇ?"

ನಿರ್ವಾಣಯ್ಯನವರು ಸಲಿಕೆಯನ್ನು ಗೊಬ್ಬರದಲ್ಲಿ ನೆಟ್ಟರು.

"ಹಿತವಾಗಿತ್ತು," ಎಂದರು.

ಬೈಯುತ್ತಾರೆ, ಇಲ್ಲವೇ ಕ್ಷಮಿಸುತ್ತಾರೆ ಎಂದು ಚಿಕ್ಕಲಿಂಗ ಎರಡಕ್ಕೂ ಸಿದ್ಧನಾಗಿ ಬಂದಿದ್ದ. ಇದಕ್ಕೆ ಸಿದ್ಧನಿರಲಿಲ್ಲ.

"ಹೊರಗೆ ಜವರಮ್ಮ ಕೂತಿದಾರೆ," ಎಂದ. ಕಾವಿ ಚೂರು, ಬಿಚ್ಚಿ ಹಾಕಿದ ಕಟ್ಟು, ಉಪವಾಸ ಎಲ್ಲ ಹೇಳಿದ. ಎಣ್ಣೆ ನಿಲ್ಲಿಸಿದ್ದು ಯಾಕೆಂದೂ ಹೇಳಿದ. ಕೊನೆಗೆ, "ನಿಜ ಹೇಳಿದರೆ ಯಾರೂ ನಂಬ್ತಿಲ್ಲ ಗುರುಗಳೇ. ನೀವು ಹೇಳಿದ್ರೆ ನಂಬ್ತಾರೆ," ಎಂದ.

"ನಾನು ಹೇಳಿದ್ರೆ ಇನ್ನೂ ದೊಡ್ಡ ವಿನಯ ಆಗುತ್ತೆ," ಎಂದರು ನಿರ್ವಾಣಯ್ಯ. ಅವರ ಮುಖದಲ್ಲಿ ನಗು ಇರಲಿಲ್ಲ. "ಚೆಲುವಿ ಎಲ್ಲಿದಾಳೆ?"

ಚೆಲುವಿ ಆಶ್ರಮದ ಎಮ್ಮೆ.

"ಹೊಳೆಯಲ್ಲಿ ಬಿದ್ಕೊಂಡಿದಾಳೆ."

"ಹೊಡ್ಕೊಂಡು ಬಾ. ಹೊಂಗೆ ಎಣ್ಣೆ ಬಟ್ಟಲೂ ತಾ."

ಚೆಲುವಿ ಹೊಳೆಯಿಂದ ಎದ್ದು ಬರಲು ತನಗೆ ಬೇಕಾದಷ್ಟು ಹೊತ್ತು ತೆಗೆದುಕೊಂಡಳು. ನಿರ್ವಾಣಯ್ಯನವರು ಅವಳ ಹಗ್ಗ ಹಿಡಿದು, ಅರಳಿಮರ ದಾಟಿ, ಬಾಗಿಲ ಹೊರಗೆ, ಜವರಮ್ಮ ಕೂತಿದ್ದಲ್ಲಿಗೇ ಬಂದು ನಿಂತರು. ಮಂಡಳಿಯೆಲ್ಲ ಎದ್ದು ಹಿಂದೆ ಬಂತು.

ಎಮ್ಮೆಯ ಮೈಮೇಲೆ ನೊಣ ಮುತ್ತಿದ್ದವು. ಕೆಸರಿನ ನಾತ ಗಟ್ಟಿಯಾಗಿತ್ತು.

"ಸೀಸೆ ಕೊಡು."

ಎಲ್ಲರ ಎದುರಿಗೆ ಬಟ್ಟಲಿನ ಹೊಂಗೆ ಎಣ್ಣೆಗೆ ಸೀಸೆಯಿಂದ ಕೆಲವು ಹನಿ ಬಿಟ್ಟರು, ಬೆರಳಲ್ಲಿ ಕಲಸಿದರು, ಚೆಲುವಿಯ ಕುತ್ತಿಗೆಗೆ ನಿಧಾನವಾಗಿ ಸವರಿದರು. ನೊಣಗಳು ಎದ್ದವು. ಗಾಳಿ ಜನರ ಕಡೆ ಬೀಸುತ್ತಿತ್ತು.

ಮೊದಲು ಮುಂದಿನ ಸಾಲಿಗೆ ತಿಳಿಯಿತು, ಆಮೇಲೆ ಹಿಂದಿನ ಸಾಲಿಗೆ. ಅದೇ ಪರಿಮಳ.

ಚೌಡೇಗೌಡರ ಕೈಗಳು ಅಭ್ಯಾಸಬಲದಿಂದ ಅರ್ಧ ಮುಗಿದುಕೊಂಡಿದ್ದವು. ಎದುರಿಗೆ ಎಮ್ಮೆ ಇತ್ತು. ಅವರು ಕೈಗಳನ್ನು ಅಲ್ಲೇ ಬಿಟ್ಟು ಸ್ವಲ್ಪ ಯೋಚಿಸಿದರು.

"ಬುದ್ಧಿ, ತಮ್ಮ ಕೈ ಸೋಕಿತಲ್ಲ," ಎಂದರು. "ಕೈ ಸೋಕಿದ ಮೇಲೆ ಎಮ್ಮೆಯಾದರೇನು, ಯಾವುದಾದರೇನು."

"ಸರಿಯಾದ ಮಾತು," ಎಂದರು ನಿರ್ವಾಣಯ್ಯ. ಬಟ್ಟಲನ್ನು ಗೌಡರ ಕೈಗಿಟ್ಟರು. "ನನ್ನ ಕೈ ಹಿಂಭಾಗಕ್ಕೆ ಸೋಕಿಲ್ಲ. ಅಲ್ಲಿಗೆ ನೀವು ಹಚ್ಚಿ."

"ನಾನಾ ಬುದ್ಧಿ?"

"ಬಾಲ ಸ್ವಲ್ಪ ಎತ್ತಿ ಹಿಡ್ಕೊಳ್ಳಿ. ಬೀಸ್ತಾಳೆ."

ಗೌಡರು ಸುತ್ತ ನೋಡಿದರು. ಯಾರೂ ಬಿಡಿಸಲು ಬರಲಿಲ್ಲ. ಅವರು ಎಡಗೈಯಲ್ಲಿ ಬಾಲ ಹಿಡಿದು, ಬಲಗೈ ಎಣ್ಣೆಯಲ್ಲಿ ಅದ್ದಿ, ಮುಖವನ್ನು ಪಕ್ಕಕ್ಕೆ ತಿರುಗಿಸಿ ಸವರಿದರು.

ಹಿಂಭಾಗವೂ ಅಷ್ಟೇ ಪರಿಮಳಿಸಿತು. ಎಣ್ಣೆ ಭೇದ ಮಾಡಲಿಲ್ಲ.

ಚೆಲುವಿ ಬಾಲ ಬಿಡಿಸಿಕೊಂಡು ಗೌಡರ ಕೆನ್ನೆಗೆ ಒಂದು ಬೀಸಿದಳು.

ಆಗ ಒಂದು ನಗು ಕೇಳಿಸಿತು. ನಕ್ಕವಳು ಜವರಮ್ಮ. ಸೆರಗನ್ನು ಬಾಯಿಗೆ ತುರುಕಿಕೊಂಡರೂ ನಿಲ್ಲಲಿಲ್ಲ. ಹೆಗಲು ಕುಲುಕುತ್ತಿತ್ತು. ಅವಳನ್ನು ನೋಡಿ ಇನ್ನೊಬ್ಬರು ನಕ್ಕರು. ಕೊನೆಗೆ ಚೌಡೇಗೌಡರೂ ಎಣ್ಣೆಗೈಯನ್ನು ಮೈಯಿಂದ ದೂರ ಹಿಡಿದುಕೊಂಡು, ನಗುವುದೋ ಬೇಡವೋ ಎಂದು ನೋಡಿ, ನಕ್ಕರು.

ನಗು ಇಳಿದ ಮೇಲೆ ಜವರಮ್ಮ ಕಣ್ಣೊರೆಸಿಕೊಂಡಳು.

"ಹಂಗಾದ್ರೆ ನನ್ ಕಾಲಿನಿಂದ ಹೋಗಿದ್ದಲ್ವಾ ಬುದ್ಧಿ?"

"ಅಲ್ಲ ಕಣವ್ವ. ಚಿಕ್ಕಲಿಂಗ ಎಣ್ಣೆ ಹಾಕಲಿಲ್ಲ. ಅಷ್ಟೇ."

"ಅಷ್ಟೇನಾ?"

"ಅಷ್ಟೇ."

ಅವಳು ಉದ್ದಕ್ಕೆ ಒಂದು ಉಸಿರು ಬಿಟ್ಟಳು. ಬಿಟ್ಟವಳೇ ಸೀರೆ ಸರಿಸಿ ಕಾಲು ಮುಂದೆ ಚಾಚಿದಳು. "ಹಂಗಾದ್ರೆ ಅದೇ ಎಣ್ಣೆ ಇದಕ್ಕೂ ಹಚ್ಚಿ ಬುದ್ಧಿ. ಎಮ್ಮೆಗೇ ಹಚ್ಚಿದ್ರಿ."

ಇಷ್ಟೆಲ್ಲ ಮಾಡಿ ಮತ್ತೆ ಅಲ್ಲಿಗೇ ಬಂದೆವಲ್ಲ ಎಂದುಕೊಂಡ ಚಿಕ್ಕಲಿಂಗ.

"ಎಮ್ಮೆಗೆ ಗಾಯ ಇಲ್ಲ," ಎಂದರು ನಿರ್ವಾಣಯ್ಯ. ಮಂಡಿಯೂರಿ ಅವಳ ಕಾಲಿನ ಹತ್ತಿರ ಕೂತರು. ಕಟ್ಟು ನೋಡಿದರು. ಅವರ ಹಳೆಯ ಶಾಲಿನ ಚೂರು ಒದ್ದೆಯಾಗಿ ಅಂಟಿಕೊಂಡಿತ್ತು. "ನೋವಿದೆಯಾ?"

"ನೋವೇ ಗೊತ್ತಾಗಲ್ಲ ಬುದ್ಧಿ. ಮರಗಟ್ಟೈತೆ."

"ಆಸ್ಪತ್ರೆಗೆ ಯಾಕೆ ಹೋಗೋದು ಬಿಟ್ಟೆ? ಪರಿಮಳ ಸಿಕ್ಕಿತು ಅಂತಾನಾ?"

ಜವರಮ್ಮ ಜನರ ಕಡೆ ನೋಡಿದಳು. ನಿರ್ವಾಣಯ್ಯನವರು ಕೈ ಬೀಸಿ ಎಲ್ಲರನ್ನೂ ದೂರ ಕಳಿಸಿದರು. ಚಿಕ್ಕಲಿಂಗ ಎಮ್ಮೆಯ ಹಗ್ಗ ಹಿಡಿದುಕೊಂಡಿದ್ದರಿಂದ ಅಲ್ಲೇ ಉಳಿದ.

"ಬಸ್ಸು, ಬುದ್ಧಿ," ಎಂದಳು ಅವಳು. "ಬಸ್ಸಲ್ಲಿ ಕೂತ್ರೆ ಪಕ್ಕದವರು ಎದ್ದು ಹೋಗ್ತಾರೆ. ಒಬ್ಬಳು ಕಂಡಕ್ಟರ್‌ನ ಕರೆದು, ಇದೇನಿದು ನಾತ, ಯಾರನ್ನೆಲ್ಲ ಹತ್ತಿಸ್ಕೊಳ್ತೀರಿ ಅಂದ್ಲು. ಹೋದ ವರ್ಷ ನನ್ನ ಹತ್ರಾನೇ ಮಲ್ಲಿಗೆ ಕೊಂಡವಳು ಅವಳು. ನನ್ನ ಗುರುತು ಸಿಗಲಿಲ್ಲ. ಜನ್ಮವೆಲ್ಲ ಹೂವಿನ ಮಧ್ಯೆ ಕೂತವಳು ನಾನು. ಆ ಬಸ್ಸು ಇನ್ನು ಹತ್ತಬಾರದು ಅನ್ನಿಸ್ತು. ಇಲ್ಲಾದ್ರೆ ನಿಮ್ಮ ಪರಿಮಳದಲ್ಲಿ ನನ್ನ ವಾಸನೆ ಮುಚ್ಚಿ ಹೋಗ್ತಿತ್ತು."

ಚಿಕ್ಕಲಿಂಗನಿಗೆ ಪಟ್ಟಣದ ಆ ಹೆಂಗಸು, ಮೂಗಿಗೆ ಬಂದ ಸೆರಗು ನೆನಪಾಯಿತು. ಅವನು ಎಮ್ಮೆಯ ಕಡೆ ತಿರುಗಿ ನಿಂತ.

ನಿರ್ವಾಣಯ್ಯನವರು ಸೀಸೆ ತೆಗೆದುಕೊಂಡರು. ಜವರಮ್ಮನ ಸೆರಗಿನ ತುದಿ ಹಿಡಿದು ಎರಡು ಹನಿ ಬಿಟ್ಟರು.

"ಇದು ಕಾಲಿಗಲ್ಲ," ಎಂದರು. "ಬಸ್ಸಿಗೆ."

ಜವರಮ್ಮ ಸೆರಗನ್ನು ಮೂಗಿನ ಹತ್ತಿರ ತಂದುಕೊಂಡಳು.

"ಇದರಿಂದ ಹುಣ್ಣು ಮಾಯಲ್ಲ," ಎಂದರು ಅವರು. "ಅದಕ್ಕೆ ಡಾಕ್ಟರು. ಪಕ್ಕದಲ್ಲಿ ಕೂತವರು ಎದ್ದು ಹೋಗದ ಹಾಗೆ ಇದು ನೋಡ್ಕೊಳ್ಳುತ್ತೆ. ಅಷ್ಟು ಇದರ ಕೈಲಿ ಆಗುತ್ತೆ."

"ಆದರೂ ಎದ್ದು ಹೋದ್ರೆ?"

"ನಾನು ಪಕ್ಕದಲ್ಲಿ ಕೂರ್ತೀನಿ. ನನಗೆ ಮೂಗಿಲ್ಲ."

ಅವಳು ಚಿಕ್ಕಲಿಂಗ ತಂದ ಮಜ್ಜಿಗೆ ಕುಡಿದಳು. ಮೂವರೂ ಮುಂದಿನ ಬಸ್ಸು ಹತ್ತಿದರು. ಜವರಮ್ಮ ಕಿಟಕಿಯ ಪಕ್ಕ, ನಿರ್ವಾಣಯ್ಯನವರು ಅವಳ ಪಕ್ಕ, ಚಿಕ್ಕಲಿಂಗ ಹಿಂದಿನ ಸೀಟಿನಲ್ಲಿ. ಗುರುಗಳ ಶಾಲಿನಿಂದ ಗೊಬ್ಬರದ ವಾಸನೆ ಬರುತ್ತಿತ್ತು. ದಾರಿಯಲ್ಲಿ ಹತ್ತಿದ ಒಬ್ಬರು ಮೂಗು ಅರಳಿಸಿ ಸುತ್ತ ನೋಡಿದರು. ಚಿಕ್ಕಲಿಂಗ ಮುಂದಿನ ಸೀಟಿನ ಕಂಬಿ ಹಿಡಿದು ಬಾಗಿದ.

"ಯಾರೋ ಗುಲಾಬಿ ತಗೊಂಡು ಹೋಗ್ತಾ ಇದಾರೆ," ಎಂದು ಅವರು ತಮ್ಮ ಹೆಂಡತಿಗೆ ಹೇಳಿದರು. "ಹಂಗೇ ಗೊಬ್ಬರಾನೂ."

ಜವರಮ್ಮ ಕಿಟಕಿಯ ಕಡೆ ತಿರುಗಿ ನಕ್ಕಳು.

ಆಸ್ಪತ್ರೆಯಲ್ಲಿ ನರ್ಸಮ್ಮ ಕತ್ತರಿಯಿಂದ ಕಾವಿ ಚೂರನ್ನು ಕತ್ತರಿಸಿ ತೆಗೆದಳು.

"ಏನಿದು ಕಟ್ಟಿರೋದು?"

"ನನ್ನ ಶಾಲು," ಎಂದರು ನಿರ್ವಾಣಯ್ಯ.

"ಇದನ್ನ ಕಟ್ಟು ಅಂತ ಹೇಳಿದ್ಯಾರು?"

"ಯಾರೂ ಹೇಳಲಿಲ್ಲ. ನಾನು ಬೇಡ ಅನ್ನಲಿಲ್ಲ."

"ಇನ್ಮೇಲಾದ್ರೂ ಅನ್ನಿ," ಎಂದಳು ಅವಳು, ಚೂರನ್ನು ಬಕೆಟ್ಟಿಗೆ ಹಾಕುತ್ತಾ.

"ಆಗಲಿ ತಾಯಿ."

ಡಾಕ್ಟರು ಬಂದರು. ಗಾಯ ತೊಳೆಸಿದರು, ಒತ್ತಿ ನೋಡಿದರು, ಎಕ್ಸ್‌ರೇ ಬರೆದರು. ಅದು ಬರುವವರೆಗೆ ಚಿಕ್ಕಲಿಂಗ ಹೊರಗಿನ ಗೋಡೆಗೆ ಒರಗಿ ನಿಂತಿದ್ದ. ಕೂರಲು ಬೆಂಚು ಖಾಲಿ ಇತ್ತು, ಕೂರಲಾಗಲಿಲ್ಲ.

ಬಾಗಿಲು ತೆರೆಯಿತು.

"ಮೂಳೆಗೆ ಹೋಗಿಲ್ಲ," ಎಂದರು ಡಾಕ್ಟರು. "ಕಾಲು ಉಳಿಯುತ್ತೆ. ತಪ್ಪಿಸದೆ ಬರಬೇಕು, ಅಷ್ಟೇ."

ಚಿಕ್ಕಲಿಂಗ ಬೆಂಚಿನ ಮೇಲೆ ಕೂತ. ಕೂತ ಮೇಲೆ ಅವನಿಗೆ ಹಸಿವಾಗುತ್ತಿರುವುದು ತಿಳಿಯಿತು.

"ಗುರುಗಳೇ, ನನ್ನನ್ನ ಆಶ್ರಮದಿಂದ ಕಳಿಸಿಬಿಡ್ತೀರಾ?"

"ಕಳಿಸ್ತೀನಿ," ಎಂದರು ನಿರ್ವಾಣಯ್ಯ. "ದಿನ ಬಿಟ್ಟು ದಿನ, ಜವರಮ್ಮನ ಜೊತೆ, ಈ ಬಸ್ಸಿಗೆ. ಸಂಜೆ ವಾಪಸ್ ಬಾ. ಎಮ್ಮೆ ಕರೆಯೋರು ಯಾರೂ ಇಲ್ಲ."

ಮಂಡಳಿ ಕೆಲವು ದಿನ ಮುನಿಸಿಕೊಂಡಿತ್ತು. ಆಮೇಲೆ ಬಂತು. ಬಂದವರು ಹಿಂದಿನಂತೆ ಸ್ವಲ್ಪ ದೂರದಲ್ಲಿ ಕೂತರು. ಚೌಡೇಗೌಡರು ತಮ್ಮ ಕೊಟ್ಟಿಗೆಗೆಂದು ನಾಲ್ಕು ಸೀಸೆ ಎಣ್ಣೆ ಕೊಂಡರು. ಅದರ ಬಗ್ಗೆ ಭಾಷಣ ಮಾಡಲಿಲ್ಲ.

ಚಳಿಗಾಲ ಮುಗಿಯುವ ಹೊತ್ತಿಗೆ ಜವರಮ್ಮ ಒಬ್ಬಳೇ ನಡೆದುಕೊಂಡು ಆಶ್ರಮಕ್ಕೆ ಬಂದಳು. ಎರಡೂ ಕಾಲಿಗೆ ಹೊಸ ಚಪ್ಪಲಿ ಇತ್ತು. ಚಪ್ಪಲಿ ಬಿಟ್ಟು, ಜಗಲಿಯ ತುದಿಗೆ ಹೋಗದೆ, ಮುಂದಿನ ಸಾಲಿನಲ್ಲಿ ಕೂತಳು. ಒಂದು ಖಾಲಿ ಸೀಸೆ ಮುಂದಿಟ್ಟಳು.

"ಬಸ್ಸಿನ ಎಣ್ಣೆ ಮುಗೀತು ಬುದ್ಧಿ."

"ಕಾಲು?"

"ಮಾಯ್ತು. ಇನ್ನು ಬರಬೇಡ ಅಂದ್ರು."

"ಹಾಗಾದ್ರೆ ಇನ್ನು ಬಸ್ಸಿಲ್ಲ. ಎಣ್ಣೆ ಯಾಕೆ?"

ಜವರಮ್ಮ ಸ್ವಲ್ಪ ನಾಚಿಕೊಂಡಳು.

"ವಾಸ್ನೆ ಚೆನ್ನಾಗೈತೆ ಬುದ್ಧಿ. ಅದಕ್ಕೇ."

ಚಿಕ್ಕಲಿಂಗ ಸೀಸೆ ತುಂಬಿ ತಂದುಕೊಟ್ಟ. ಹಾಗೇ ನಿಂತು, ಬಹಳ ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿದ.

"ಗುರುಗಳೇ, ನಿಮ್ಮ ಶಾಲಿಗೂ ಮತ್ತೆ ಹಾಕಲಾ?"

"ಹಾಕು. ಇಲ್ಲೇ, ಇವರೆಲ್ಲರ ಮುಂದೆ ಹಾಕು."

ಅವನು ಶಾಲಿನ ಅಂಚಿಗೆ ಎರಡು ಹನಿ ಬಿಟ್ಟ. ಮುಂದಿನ ಸಾಲಿನವರು ನೋಡಿದರು. ಯಾರೂ ಕೈ ಮುಗಿಯಲಿಲ್ಲ.

"ಹೇಗಿರುತ್ತವ್ವ ಅದು?" ಎಂದು ನಿರ್ವಾಣಯ್ಯನವರು ಜವರಮ್ಮನನ್ನು ಕೇಳಿದರು. "ಎಲ್ಲರೂ ಹೇಳ್ತಾರೆ. ನನಗೆ ಗೊತ್ತೇ ಇಲ್ಲ."

ಅವಳು ಸೀಸೆ ಮೂಸಿ, ಕಣ್ಣು ಮುಚ್ಚಿ ಹುಡುಕಿದಳು.

"ಗುಲಾಬಿ ಬುಟ್ಟಿ ಪಕ್ಕದಲ್ಲಿ ಯಾರೋ ನಿಂಬೆ ಎಲೆ ಕಿವುಚಿದ ಹಂಗೆ. ಆಮೇಲೆ ಒಂಚೂರು ಹಸಿ ಹುಲ್ಲು. ಬೆಳಿಗ್ಗೆ ಹೂವಿನ ಮಂಡೀಲಿ ಮೂಟೆ ಬಿಚ್ತಾರಲ್ಲ, ಆಗ ಬರುತ್ತಲ್ಲ, ಹಂಗೆ." ಕಣ್ಣು ತೆರೆದಳು. "ಅಷ್ಟು ದಿನ ಹೊದ್ಕೊಂಡಿದ್ರಿ. ನಿಮಗೆ ಏನೂ ಅನ್ನಿಸಲೇ ಇಲ್ವಾ ಬುದ್ಧಿ?"

ನಿರ್ವಾಣಯ್ಯನವರು ಶಾಲನ್ನು ಹೆಗಲ ಮೇಲೆ ಎಳೆದುಕೊಂಡರು.

"ಸೊಳ್ಳೆ ಕಚ್ಚಲಿಲ್ಲ ಕಣವ್ವ," ಎಂದರು. "ನನಗೆ ಗೊತ್ತಿರೋದು ಅಷ್ಟೇ."